ಅಂಗಡಿ ಖಾಲಿಯಾ, ಕೈ ಖಾಲಿಯಾ? ದಿವಾಳಿ ಎದ್ದ ದೇಶದ ಮಕ್ಕಳಿಗೆ ಇಲ್ಲಿಂದ ಸಹಾಯ ಮಾಡೋದು ಹೇಗೆ

2022ರ ಮೇ 18ಕ್ಕೆ ಚೆನ್ನೈ ಬಂದರಿಂದ ಶ್ರೀಲಂಕಾಕ್ಕೆ ಒಂದು ಹಡಗು ಹೊರಟಿತು, ತಮಿಳುನಾಡು ಸರ್ಕಾರ ಕಳಿಸಿದ್ದು, ಅದರಲ್ಲಿ 9,000 ಟನ್ ಅಕ್ಕಿ, 200 ಟನ್ ಹಾಲಿನ ಪುಡಿ, 24 ಟನ್ ಮದ್ದು. ಟೀವಿಯಲ್ಲಿ ಅದನ್ನು ನೋಡಿದ್ದೇ ಸೈ, ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ರದ ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪಲ್ಲಿ ರಾತ್ರಿ ಹನ್ನೊಂದು ಗಂಟೆಗೆ ತೀರ್ಮಾನ ಆಯ್ತು, ನಾವೂ ಕಳಿಸುವ, ಮಕ್ಕಳ ವಿಷಯ ಅಲ್ವಾ ಅಂತ. ಒಂದು ವಾರದಲ್ಲಿ 38 ಡಬ್ಬ ಹಾಲಿನ ಪುಡಿ, ಆರು ಗೋಣಿ ಹಳೇ ಬಟ್ಟೆ, ಮೆಡಿಕಲ್ಲಿನವರು ಕೊಟ್ಟ ಸ್ಯಾಂಪಲ್ ಮಾತ್ರೆ, ನಾಲ್ಕು ಪೆಟ್ಟಿಗೆ ಶಾಲೆ ಪುಸ್ತಕ. ಪುಸ್ತಕ ಎಲ್ಲ ಕನ್ನಡದ್ದು, ಮಲಯಾಳದ್ದು. ಅಲ್ಲಿನ ಮಕ್ಕಳು ಓದೋದು ಸಿಂಹಳ, ತಮಿಳು. ಇದು ಪೆಟ್ಟಿಗೆಗೆ ಟೇಪ್ ಹಾಕುವವರೆಗೆ ಒಬ್ಬನಿಗೂ ಹೊಳೀಲಿಲ್ಲ ಮಾರಾಯ್ರೆ.

ಮಂಗಳೂರಲ್ಲಿ ಒಬ್ಬ ಶಿಪ್ಪಿಂಗ್ ಏಜೆಂಟ್ ಹತ್ರ ಹೋದ್ರೆ ಅವರು ಕೇಳಿದ್ದು ಮೂರೇ ಮಾತು. ಅಲ್ಲಿ ತಗೊಳ್ಳುವವರು ಯಾರು, ಆಹಾರ ಮತ್ತು ಮದ್ದಿಗೆ ಪೇಪರ್ ಉಂಟಾ, ಅಲ್ಲಿನ ಕಸ್ಟಮ್ಸಿಗೆ ಯಾರು ಓಡಾಡ್ತಾರೆ. ಮೂರಕ್ಕೂ ನಮ್ಮ ಹತ್ರ ಉತ್ತರ ಇಲ್ಲ. ಸಾಮಾನು ವಾಪಸ್ ಬಂತು, ಜೂನ್ ಮಳೆ ಹಿಡೀತು, ಕ್ಲಬ್ಬಿನ ಹೆಂಚಿನ ಮಾಡಿನ ಕೆಳಗೆ ಹಾಲಿನ ಪುಡಿ ಗಟ್ಟಿ ಆಗಿ ಕಲ್ಲಾಯ್ತು.

ಇಂಥಾ ಪರಿಸ್ಥಿತಿ ಇನ್ನೊಂದು ದೇಶಕ್ಕೆ ಬಂದೇ ಬರ್ತದೆ, ಆಗ ನೀವು ನಮ್ಮ ಹಾಗೆ ಆಗದೆ ಇರ್ಲಿ ಅಂತ ಈ ಲೇಖನ.

ಮೊದಲು: ಕೊರತೆ ಯಾವುದರದ್ದು ಅಂತ ನೋಡಿ

ಭೂಕಂಪ, ನೆರೆ ಬಂದಾಗ ಸಾಮಾನು ಕೊಚ್ಚಿ ಹೋಗ್ತದೆ, ರಸ್ತೆ ಕಡಿದು ಹೋಗ್ತದೆ. ದೇಶ ದಿವಾಳಿ ಆಗೋದು ಬೇರೆ ಕಥೆ. ಶ್ರೀಲಂಕಾ 2022ರ ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಲಿಕ್ಕೆ ಆಗೋದಿಲ್ಲ ಅಂತ ಕೈ ಎತ್ತಿತು, ಸಾಲ ಸುಮಾರು 5,100 ಕೋಟಿ ಡಾಲರ್, ಮೇ ತಿಂಗಳಿಗೆ ಬಳಸ್ಲಿಕ್ಕೆ ಸಿಗುವ ಡಾಲರ್ 5 ಕೋಟಿಗಿಂತ ಕಡಿಮೆ ಅಂತ ಅವರ ಹಣಕಾಸು ಮಂತ್ರಿಯೇ ಹೇಳಿದ್ರು. ಡಾಲರ್ ಇಲ್ಲ ಅಂದ್ರೆ ಡೀಸೆಲ್ ಇಲ್ಲ, ಡೀಸೆಲ್ ಇಲ್ಲ ಅಂದ್ರೆ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ, ಬಸ್ಸಿಲ್ಲ, ಬಸ್ಸಿಲ್ಲದೆ ಟೀಚರ್ ಇಲ್ಲ, ಶಾಲೆ ಬಂದ್. ಪಶ್ಚಿಮ ಪ್ರಾಂತ್ಯದಲ್ಲಂತೂ ಮಾರ್ಚಲ್ಲೇ ಕಾಗದ ಇಲ್ಲ ಅಂತ ಪರೀಕ್ಷೆ ಮುಂದೆ ಹಾಕಿದ್ರು.

ಮಕ್ಕಳ ಊಟದ ಗತಿಯೂ ಅದೇ. ಅಲ್ಲಿ 1973ರಿಂದ ತ್ರಿಪೋಷ ಅಂತ ಒಂದು ಪೌಷ್ಟಿಕ ಪುಡಿ ಕೊಡ್ತಾರೆ, ಬಸುರಿ ಬಾಣಂತಿಯರಿಗೆ, ತೂಕ ಕಡಿಮೆ ಇರುವ ಮಕ್ಕಳಿಗೆ, ಮುಸುಕಿನ ಜೋಳ ಸೋಯಾ ಸೇರಿಸಿ ಮಾಡಿದ್ದು. ನಮ್ಮ ಅಂಗನವಾಡಿಯ ಅಮೃತಂ ಪುಡಿ ಉಂಟಲ್ವಾ, ಕೇರಳದ ಹೆಂಗಸರ ಸ್ವಸಹಾಯ ಸಂಘ ಕುಡುಂಬಶ್ರೀಯವರು ಗೋಧಿ, ಕಡ್ಲೆ, ಸೋಯಾ, ನೆಲಗಡಲೆ, ಸಕ್ಕರೆ ಹಾಕಿ ಮಾಡೋದು, ನಮ್ಮದೇ ಕಾಸರಗೋಡಿನ ತೋಟ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತಂತ್ರಜ್ಞಾನ ಕೊಟ್ಟದ್ದು, ತ್ರಿಪೋಷ ಹೆಚ್ಚು ಕಡಿಮೆ ಅದರ ಅಣ್ಣ ಅಂತ ಹೇಳ್ಬಹುದು. 2021ರಲ್ಲಿ ಅಲ್ಲಿನ ಸರ್ಕಾರ ದಿಢೀರ್ ಅಂತ ರಾಸಾಯನಿಕ ಗೊಬ್ಬರ ನಿಲ್ಲಿಸಿತು, ಜೋಳದ ಬೆಳೆ ನೆಲ ಕಚ್ಚಿತು, ಹೊರಗಿಂದ ತರ್ಲಿಕ್ಕೆ ಡಾಲರ್ ಇಲ್ಲ, ಪುಡಿ ಮಾಡುವುದೇ ನಿಂತಿತು. ಈ ಸರಪಳಿಯಲ್ಲಿ ನಮ್ಮ ಹಳೇ ಬಟ್ಟೆಗೆ ಎಲ್ಲಿ ಜಾಗ ಹೇಳಿ.

ನನಗೆ ಇದು ಅರ್ಥ ಆದದ್ದು ಪೇಪರ್ ಓದಿ ಅಲ್ಲ. ಸುಳ್ಯ ಕಡೆಯ ರಬ್ಬರ್ ತೋಟದ ಕಾಲೊನಿಗಳು ಗೊತ್ತಲ್ವಾ, 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದ ಆದ ಮೇಲೆ ಲಂಕೆಯಿಂದ ಬಂದ ತಮಿಳರಿಗೆ ಕೆಲಸ ಕೊಟ್ಟ ತೋಟಗಳು. ಅಲ್ಲಿಂದ ನಮ್ಮ ಕಡೆ ಟ್ಯಾಪಿಂಗಿಗೆ ಬರುವ ಒಬ್ಬರು ಅಕ್ಕ ಇದ್ದಾರೆ, ಅವರ ಚಿಕ್ಕಮ್ಮನ ಸಂಸಾರ ಈಗಲೂ ಲಂಕೆಯ ನುವಾರ ಎಲಿಯದ ಚಹಾ ತೋಟದಲ್ಲಿ. ನಮ್ಮ ಡಬ್ಬಗಳ ರಾಶಿ ನೋಡಿ ಅವರು ಚಿಕ್ಕಮ್ಮನ ಮಗಳಿಗೆ ಫೋನ್ ಹಚ್ಚಿದ್ರು, ಸ್ಪೀಕರ್ ಹಾಕಿ. ಆಚೆಯಿಂದ ತಮಿಳಲ್ಲಿ ಏನೋ ಹೇಳಿದ್ದಕ್ಕೆ ಅಕ್ಕ ನನ್ನ ಕಡೆ ತಿರುಗಿ, "ಮೊದ್ಲು ಅಂಗಡಿಯಲ್ಲಿ ಪುಡಿ ಇರ್ಲಿಲ್ಲವಂತೆ ಅಣ್ಣಾ, ಈಗ ಉಂಟಂತೆ, ತಗೊಳ್ಲಿಕ್ಕೆ ಕಾಸಿಲ್ಲ ಅಂತೆ" ಅಂದ್ರು. ಹಾಲಿನ ಪುಡಿಯ 400 ಗ್ರಾಂ ಪ್ಯಾಕೆಟ್ ಅಲ್ಲಿನ 540 ರೂಪಾಯಿ ಇದ್ದದ್ದು ಮಾರ್ಚಲ್ಲಿ ಒಂದೇ ಏಟಿಗೆ 790 ಆಗಿತ್ತು. ಕೂಲಿ ಮಾತ್ರ ಮೊದಲಿನಷ್ಟೇ.

ಹಾಗಾಗಿ ಕೇಳ್ಬೇಕಾದ ಮೊದಲ ಪ್ರಶ್ನೆ, ಅಂಗಡಿ ಖಾಲಿಯಾ, ಕೈ ಖಾಲಿಯಾ? ಅಂಗಡಿ ಖಾಲಿ ಇದ್ರೆ ಹಡಗುಗಟ್ಟಲೆ ಸಾಮಾನು ಬೇಕು, ಅದು ಸರ್ಕಾರಗಳು ಮಾಡುವ ಕೆಲಸ, ತಮಿಳುನಾಡು ಕೂಡ ವಿಧಾನಸಭೆಯಲ್ಲಿ ನಿರ್ಣಯ ಮಾಡಿ ಕೇಂದ್ರದ ಅನುಮತಿ ಕೇಳಿಯೇ ಕಳಿಸಿದ್ದು. ಕೈ ಖಾಲಿ ಇದ್ರೆ ಬೇಕಾದ್ದು ದುಡ್ಡು. ಎರಡರಲ್ಲೂ ಕ್ಲಬ್ಬಿನ ಪೆಟ್ಟಿಗೆಗೆ ಕೆಲಸ ಇಲ್ಲ. ಸೆಪ್ಟೆಂಬರಲ್ಲಿ ಕೊಲಂಬೊದಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 94.9 ಜಾಸ್ತಿ ಇತ್ತು, ಅಂದ್ರೆ ಹೆಚ್ಚುಕಡಿಮೆ ಡಬಲ್.

ಆಮೇಲೆ: ಹಾಲಿನ ಪುಡಿಯ ಆಸೆ ಬಿಡಿ

ಇದನ್ನು ಸ್ವಲ್ಪ ಉದ್ದ ಹೇಳ್ತೇನೆ, ಯಾಕಂದ್ರೆ ಮಕ್ಕಳು ಅಂದ ತಕ್ಷಣ ಎಲ್ಲರಿಗೂ ಮೊದಲು ನೆನಪಾಗೋದು ಇದೇ. ಶಿಶುಗಳಿಗೆ ಡಬ್ಬದ ಹಾಲು, ಫೀಡಿಂಗ್ ಬಾಟ್ಲಿ ದಾನ ಮಾಡೋದು ಒಳ್ಳೇ ಕೆಲಸ ಅಂತ ನಾವು ತಿಳ್ಕೊಂಡದ್ದು, ಆದ್ರೆ ನಮ್ಮ ದೇಶದಲ್ಲೇ 1992ರ ಕಾನೂನೊಂದು ಉಂಟು, ಶಿಶು ಹಾಲಿನ ಬದಲಿಗಳನ್ನೂ ಬಾಟ್ಲಿಗಳನ್ನೂ ಕಂಡ ಕಂಡವರಿಗೆ ದಾನ ಹಂಚ್ಲಿಕ್ಕಿಲ್ಲ, ಅನಾಥಾಲಯದಂಥ ಕಡೆಗೆ ಮಾತ್ರ ವಿನಾಯ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರಾಟ ಸಂಹಿತೆ ಅದಕ್ಕೂ ಹಳೇದು, 1981ರದ್ದು. ಕಾರಣ ಸುಲಭ ಉಂಟು. ಕರೆಂಟ್ ಇಲ್ಲದೆ ಪಂಪ್ ನಿಂತ ಊರಲ್ಲಿ, ಗ್ಯಾಸಿಲ್ಲದ ಮನೆಯಲ್ಲಿ, ನೀರು ಕುದಿಸದೆ ಪುಡಿ ಕಲಸಿ ಕೊಟ್ರೆ ಮಗುವಿಗೆ ಭೇದಿ, ಪುಡಿ ಮುಗೀಬಾರ್ದು ಅಂತ ನೀರು ಜಾಸ್ತಿ ಮಾಡಿದ್ರೆ ಅಪೌಷ್ಟಿಕತೆ, ಅಷ್ಟರಲ್ಲಿ ತಾಯಿ ಹಾಲೂ ಬತ್ತಿರ್ತದೆ. ತಾಯಿಗೆ ಊಟ ಸಿಗುವ ಹಾಗೆ ಮಾಡೋದೇ ಆರು ತಿಂಗಳೊಳಗಿನ ಮಗುವಿಗೆ ಮಾಡುವ ಸಹಾಯ.

ತಮಿಳುನಾಡು ಕಳಿಸಿದ್ದು ಶಿಶು ಹಾಲಲ್ಲ ಮತ್ತೆ, ದೊಡ್ಡವರೂ ಕುಡಿಯುವ ಹಾಲಿನ ಪುಡಿ. ನಾವು ಒಟ್ಟು ಮಾಡಿದ 38ರಲ್ಲಿ ಅರ್ಧಕ್ಕರ್ಧ ಶಿಶುಗಳ ಡಬ್ಬ. ಹೋಗದೆ ಇದ್ದದ್ದೇ ಒಳ್ಳೇದಾಯ್ತು ಅಂತ ಈಗ ಅನಿಸ್ತದೆ.

ಹಾಗಾದ್ರೆ ಒಣಗಿ ಹೋದ ಮಗುವಿಗೆ ಎಂತ ಕೊಡ್ತಾರೆ? ಮೊದಲು ಅಳೀತಾರೆ. ನಮ್ಮ ಅಂಗನವಾಡಿ ಟೀಚರ್ ಹತ್ರ ಒಂದು ಪಟ್ಟಿ ತೋರಿಸಿಕೊಂಡೆ, ಬೆರಳಗಲದ ಪ್ಲಾಸ್ಟಿಕ್ಕು, ಹಸಿರು ಹಳದಿ ಕೆಂಪು, ಒಂದು ತುದಿಯಲ್ಲಿ ಸಣ್ಣ ಕಿಟಕಿ. ಎಡ ರಟ್ಟೆಯ ಮಧ್ಯಕ್ಕೆ ಸುತ್ತಿ ಕಿಟಕಿಯಲ್ಲಿ ಕಾಣುವ ಅಂಕಿ ಓದೋದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ರಟ್ಟೆ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆ ಆದ್ರೆ ಹಳದಿ, 11.5ಕ್ಕಿಂತ ಕಡಿಮೆ ಆದ್ರೆ ಕೆಂಪು. 11.5 ಎಷ್ಟು ಅಂತ ಗೊತ್ತಾಗ್ಬೇಕಾದ್ರೆ ಒಂದು ದಾರವನ್ನು ಅಷ್ಟು ಉದ್ದ ಕತ್ತರಿಸಿ ಉಂಗುರ ಮಾಡಿ ನೋಡಿ, ನನ್ನ ಎರಡು ಹೆಬ್ಬೆರಳು ಕೂಡ ಸರೀ ಹೋಗ್ಲಿಲ್ಲ ಅದರೊಳಗೆ. ಕೆಂಪಿಗೆ ಬಂದ ಮಕ್ಕಳಿಗೆ ಕೊಡುವ ಪ್ಯಾಕೆಟ್ 92 ಗ್ರಾಮಿನದ್ದು, ನೆಲಗಡಲೆ ಅರೆದು ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿದ ಪೇಸ್ಟು, ಒಂದರಲ್ಲಿ 500 ಕ್ಯಾಲೊರಿ. ನೀರು ಬೇಡ, ಬೇಯಿಸ್ಲಿಕ್ಕಿಲ್ಲ, ಮೂಲೆ ಹರಿದು ಮಗುವಿನ ಬಾಯಿಗೆ. ಆರೆಂಟು ವಾರ ದಿನವೂ ಕೊಡ್ಬೇಕು, ನಡುನಡುವೆ ತೂಕ ನೋಡ್ಬೇಕು, ಇದು ನರ್ಸು, ಆರೋಗ್ಯ ಕಾರ್ಯಕರ್ತೆ ಇದ್ದಲ್ಲಿ ಮಾತ್ರ ಆಗುವ ಕೆಲಸ.

ಮದ್ದಿನ ವಿಷಯ ಚಿಕ್ಕದಾಗಿ: ದಾನ ಬಂದ ಮದ್ದಿಗೆ ಆ ದೇಶ ತಲುಪುವಾಗ ಕನಿಷ್ಠ ಒಂದು ವರ್ಷ ಅವಧಿ ಬಾಕಿ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಸ್ಯಾಂಪಲ್ ಮಾತ್ರೆ ಕಳಿಸ್ಬೇಡಿ.

ದುಡ್ಡು ಯಾರಿಗೆ

ಇಂಥಾ ಸಂಕಟ ಬಂದಾಗ ವಿಶ್ವಸಂಸ್ಥೆ ಒಂದು ಅಪೀಲ್ ಹೊರಡಿಸ್ತದೆ. ಶ್ರೀಲಂಕಾಕ್ಕೆ 2022ರ ಜೂನಲ್ಲಿ ಹೊರಡಿಸಿದ್ದು 4.7 ಕೋಟಿ ಡಾಲರಿನದ್ದು, 17 ಲಕ್ಷ ಜನರಿಗೆ. ಯುನಿಸೆಫ್ ಮಕ್ಕಳದ್ದು ಅಂತ ಬೇರೆಯೇ ಅಪೀಲ್ ಮಾಡಿತು, ಸುಮಾರು 2.5 ಕೋಟಿ ಡಾಲರಿಗೆ. ಈ ಕಾಗದಗಳು ನೆಟ್ಟಲ್ಲಿ ಯಾರು ಬೇಕಾದ್ರೂ ಓದ್ಬಹುದು, ಪೌಷ್ಟಿಕತೆ, ನೀರು, ಆರೋಗ್ಯ, ಶಿಕ್ಷಣ, ಮಕ್ಕಳ ರಕ್ಷಣೆ ಅಂತ ಬಾಬ್ತು ಬಾಬ್ತು ಬರೆದಿರ್ತಾರೆ, ಯಾವುದಕ್ಕೆ ಎಷ್ಟು ಬೇಕು ಅಂತ. ನಾನು ಹೇಳೋದಾದ್ರೆ ಭಾವುಕ ವಿಡಿಯೊ ನೋಡಿ ದುಡ್ಡು ಹಾಕೋದಕ್ಕಿಂತ ಈ ಪಟ್ಟಿ ಹತ್ತು ನಿಮಿಷ ಓದೋದು ವಾಸಿ. ನೀರಿನ ಬಾಬ್ತನ್ನು ಜನ ಲೆಕ್ಕಕ್ಕೇ ತಗೊಳ್ಳೋದಿಲ್ಲ, ಆದ್ರೆ 2021ರಲ್ಲಿ ಲೆಬನಾನಿನಲ್ಲಿ ದುಡ್ಡು ಇಂಧನ ಎರಡೂ ಇಲ್ಲದೆ ನೀರು ಸರಬರಾಜು ನಿಲ್ಲುವ ಹಂತಕ್ಕೆ ಬಂದು 40 ಲಕ್ಷಕ್ಕಿಂತ ಹೆಚ್ಚು ಜನ ಅಪಾಯದಲ್ಲಿದ್ದಾರೆ ಅಂತ ಯುನಿಸೆಫ್ ಎಚ್ಚರಿಸಿತ್ತು. ನೀರಿಲ್ಲದ ಕಡೆ ಮೊದಲು ಮಲಗೋದು ಮಕ್ಕಳೇ.

ಒಂದು ವಿಷಯ ನೋಡ್ಕೊಳ್ಳಿ. ಇಂಥಾ ಸಂಸ್ಥೆಗಳ ಭಾರತದ ಶಾಖೆಯ ಪೇಜಲ್ಲಿ ಕೊಟ್ಟ ದುಡ್ಡು ಭಾರತದ ಮಕ್ಕಳ ಕೆಲಸಕ್ಕಾ, ಆ ದೇಶಕ್ಕಾ ಅಂತ ದುಡ್ಡು ಹಾಕುವ ಮೊದಲೇ ಓದ್ಕೊಳ್ಳಿ. ಎರಡೂ ಒಳ್ಳೇದೇ, ಆದ್ರೆ ನೀವು ಅಂದ್ಕೊಂಡದ್ದು ಒಂದು ಆದದ್ದು ಇನ್ನೊಂದು ಆಗ್ಬಾರ್ದು. ಗ್ರೂಪಿಗೆ ಬಂದ ಕ್ಯೂಆರ್ ಕೋಡಿಗೆ ಮಾತ್ರ ಸ್ಕ್ಯಾನ್ ಮಾಡ್ಬೇಡಿ, ಸಂಸ್ಥೆಯ ಸೈಟ್ ನೀವೇ ಟೈಪ್ ಮಾಡಿ ಹೋಗಿ.

ಕಾಗದ ಪತ್ರ, ಗಲ್ಫಿನ ಭಾವಂದಿರು ಇತ್ಯಾದಿ

ಇಲ್ಲಿ ನಮ್ಮ ಜಿಲ್ಲೆಯವರು ಹೆಚ್ಚು ಜಾಗ್ರತೆ ಮಾಡ್ಬೇಕು, ಮನೆಗೊಬ್ಬರು ದುಬೈಯಲ್ಲೋ ಅಬುಧಾಬಿಯಲ್ಲೋ ಇರುವವರು ನಾವು. "ಭಾವಾ, ನಿಮ್ಮ ರೂಮಿನವರ ಹತ್ರ ಸ್ವಲ್ಪ ಎತ್ತಿ ಕಳಿಸಿ" ಅಂತ ಮೆಸೇಜ್ ಹಾಕಿಯೇ ಬಿಡ್ತೇವೆ. ಯುಎಇಯಲ್ಲಿ 2021ರ ಕಾನೂನು ಪ್ರಕಾರ ಲೈಸೆನ್ಸ್ ಇಲ್ಲದ ಖಾಸಗಿ ಜನ ಚಂದಾ ಎತ್ತೋದು ಅಪರಾಧ, ದೊಡ್ಡ ದಂಡ, ಜೈಲೂ ಆಗ್ಬಹುದು. ಪಾಪ, ಭಾವನ ಕೆಲಸಕ್ಕೆ ಸಂಚಕಾರ ತರ್ಬೇಡಿ, ಅವರು ಅಲ್ಲಿನ ಅಧಿಕೃತ ಸಂಸ್ಥೆಗೆ ತಾನೇ ಕೊಡ್ಲಿ. ಇನ್ನು ವಿದೇಶಿ ಪಾಸ್‌ಪೋರ್ಟ್ ಆದ ನೆಂಟರು ಕ್ಲಬ್ಬಿನ ಖಾತೆಗೆ ದುಡ್ಡು ಹಾಕಿದ್ರೆ ವಿದೇಶಿ ದೇಣಿಗೆಯ ಕಾನೂನು ಎಫ್‌ಸಿಆರ್‌ಎಯ ತಲೆನೋವು. ಭಾರತದ್ದೇ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದ್ದನ್ನು ಬ್ಯಾಂಕ್ ಮೂಲಕ ಹಾಕಿದ್ರೆ ಆ ತಕರಾರಿಲ್ಲ.

ಕ್ಲಬ್ಬೋ ಟ್ರಸ್ಟೋ ನೇರವಾಗಿ ಹೊರದೇಶಕ್ಕೆ ದುಡ್ಡು ಕಳಿಸೋದಂತೂ ಬೇಡವೇ ಬೇಡ, ತೆರಿಗೆ ವಿನಾಯ್ತಿ ಇರುವ ಟ್ರಸ್ಟಿಗೆ ಹೊರಗೆ ಖರ್ಚು ಮಾಡ್ಲಿಕ್ಕೆ ಕೇಂದ್ರದ ನೇರ ತೆರಿಗೆ ಮಂಡಳಿ ಸಿಬಿಡಿಟಿಯ ಅನುಮತಿ ಬೇಕು. ಒಬ್ಬೊಬ್ಬರೇ ಆದ್ರೆ ಹೊರದೇಶಕ್ಕೆ ದುಡ್ಡು ಕಳಿಸ್ಲಿಕ್ಕೆ ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ ಅಡಿ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸ್ಬಹುದು, ದಾನವೂ ಅದರೊಳಗೆ ಬರ್ತದೆ, ಪಾನ್ ಕಾರ್ಡ್ ಬೇಕು, ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬ್ಬೇಕು. ನಮಗೆ ಅಷ್ಟೆಲ್ಲ ಎಲ್ಲಿ ಬರ್ಬೇಕು, ಐನೂರು ಸಾವಿರದ ಲೆಕ್ಕ. ಟ್ಯಾಪಿಂಗ್ ಅಕ್ಕನ ಹಾಗೆ ಅಲ್ಲಿ ಸಂಬಂಧಿಕರೇ ಇದ್ದವರಿಗೆ ಬ್ಯಾಂಕ್ ದಾರಿ ಒಳ್ಳೇದು.

ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯ್ತಿ (80ಜಿ ಅಂತ ಹೇಳ್ತಿದ್ದದ್ದು) ಬೇಕಂತಿದ್ರೆ 2,000ಕ್ಕಿಂತ ಜಾಸ್ತಿ ನಗದಾಗಿ ಕೊಡ್ಬೇಡಿ, ಲೆಕ್ಕಕ್ಕೆ ಬರೋದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದೂ ಇಲ್ಲ.

ಊರಲ್ಲಿ ಚಂದಾ ಎತ್ತುವಾಗ

ನಾವು ಎರಡನೇ ಸಲ ಮಾಡಿದ ಕ್ರಮ ಹೇಳ್ತೇನೆ. ದುಡ್ಡು ಯಾರೂ ಕ್ಲಬ್ಬಿಗೆ ಕೊಡ್ಲಿಕ್ಕಿಲ್ಲ, ಪ್ರತಿಯೊಬ್ಬರೂ ತಮ್ಮ ಫೋನಿಂದ ಸಂಸ್ಥೆಗೇ ಹಾಕಿ ರಶೀದಿಯ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ಬೇಕು, ಅಷ್ಟೆ. ಫೋನಲ್ಲಿ ಗೊತ್ತಾಗದ ಹಿರಿಯರಿಗೆ ಭಾನುವಾರ ಇಬ್ಬರು ಹುಡುಗಿಯರು ಕೂತು ಮಾಡಿಕೊಟ್ರು, ಒಬ್ಬರು ಅಜ್ಜಿ ಅಡಿಕೆ ಮಾರಿದ ದುಡ್ಡಿನ ನೋಟು ತಂದು ಕೊಟ್ಟದ್ದಕ್ಕೆ ಹುಡುಗಿ ತನ್ನ ಖಾತೆಯಿಂದ ಹಾಕಿ ಪುಸ್ತಕದಲ್ಲಿ ಬರೆದಿಟ್ಳು. ಲೆಕ್ಕದ ಜಗಳ ಆಗ್ಲೇ ಇಲ್ಲ, ನಮ್ಮ ಕ್ಲಬ್ಬಿನ ಚರಿತ್ರೆಯಲ್ಲಿ ಇದೇ ಮೊದಲು. ಒಂದೇ ಸಲ ಸಾವಿರ ಹಾಕೋದಕ್ಕಿಂತ ತಿಂಗಳಿಗೆ ನೂರು ಹಾಕ್ಲಿಕ್ಕೆ ಹೇಳಿದೆವು, ಯಾಕಂದ್ರೆ ಟೀವಿಯವರು ಮೂರು ವಾರದಲ್ಲಿ ಬೇರೆ ಸುದ್ದಿಗೆ ಹೋಗ್ತಾರೆ, ರಟ್ಟೆ ಕೆಂಪಿಂದ ಹಸಿರಿಗೆ ಬರ್ಲಿಕ್ಕೆ ಅದಕ್ಕಿಂತ ಜಾಸ್ತಿ ದಿವಸ ಬೇಕು. ಪೋಸ್ಟರಿಗೆ ಹಸಿದ ಮಕ್ಕಳ ಮುಖ ಹಾಕ್ಲಿಲ್ಲ, ನಮ್ಮ ಮನೆ ಮಗುವಿನ ಫೋಟೊ ಬೇರೆಯವರು ಹಾಗೆ ಹಾಕಿದ್ರೆ ನಾವು ಒಪ್ತೇವಾ? ಬದಲಿಗೆ ಆ ಮೂರು ಬಣ್ಣದ ಪಟ್ಟಿಯ ಚಿತ್ರ ಹಾಕಿದೆವು, ಕೆಳಗೆ 11.5 ಅಂತ ದೊಡ್ಡಕ್ಕೆ.

ಮೊದಲೇ ಸಾಮಾನು ಒಟ್ಟು ಮಾಡಿ ಸಿಕ್ಕಿಬಿದ್ದವರು ಇದ್ರೆ, ಪುಸ್ತಕ ಹತ್ರದ ಶಾಲೆಗೆ ಕೊಡಿ, ಬಟ್ಟೆ ಒಗೆದು ಇಸ್ತ್ರಿ ಹಾಕಿ ಬೇಕಾದವರನ್ನು ಕೇಳಿ ಕೊಡಿ, ಅವಧಿ ಮುಗಿದ ಮಾತ್ರೆ ತೋಡಿಗೆ ಬಿಸಾಡದೆ ಮೆಡಿಕಲ್ಲಿಗೆ ವಾಪಸ್. ನಮ್ಮ ಕಲ್ಲಾದ ಹಾಲಿನ ಪುಡಿಯನ್ನು ತೆಂಗಿನ ಬುಡಕ್ಕೆ ಹಾಕಿದೆವು. ಡಬ್ಬಗಳಲ್ಲಿ ಒಂದು ಮಾತ್ರ ಇನ್ನೂ ಕ್ಲಬ್ಬಲ್ಲಿ ಉಂಟು, ಕ್ಯಾರಂ ಬೋರ್ಡಿನ ಪಾನು ಹಾಕಿಡ್ಲಿಕ್ಕೆ.