ಕನ್ಸೋಲ್‌ಗಳ ಎದುರು ಗೇಮಿಂಗ್ ಕಂಪ್ಯೂಟರ್: ಜೋಡಿಸುವವನ ಅನುಭವ

ಮೈಸೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿಯರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ದುಡ್ಡಿಗೆ ಪ್ಲೇಸ್ಟೇಷನ್ನೇ ಬರುತ್ತದಲ್ಲ ಸರ್, ಕಂಪ್ಯೂಟರ್ ಯಾಕೆ ಮಾಡಿಸಬೇಕು?" ಈ ಪ್ರಶ್ನೆ ನ್ಯಾಯವಾದದ್ದೇ. ಪ್ಲೇಸ್ಟೇಷನ್ನಿನಂತಹ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದ ತಯಾರಕರು ಅದನ್ನು ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಮುಂದೆ ಮಾರಾಟವಾಗುವ ಆಟಗಳಲ್ಲಿ ಪಾಲು ಪಡೆದು ಸರಿದೂಗಿಸಿಕೊಳ್ಳುತ್ತಾರೆ. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಜೋಡಿಸುವವರಿಗೆ ಆ ಅನುಕೂಲವಿಲ್ಲ. ಹೊಸ ಭಾಗಗಳಿಂದಲೇ, ಅದೇ ಬೆಲೆಗೆ, ಅದೇ ಮಟ್ಟದ ಚಿತ್ರ ಕೊಡುವ ಯಂತ್ರ ಮಾಡಿಕೊಡುತ್ತೇನೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಟಿವಿಯ ಮುಂದೆ ಅಣ್ಣತಮ್ಮಂದಿರು ಕೂತು ಫುಟ್‌ಬಾಲ್ ಆಡುವುದಷ್ಟೇ ಮುಖ್ಯ ಎನ್ನುವ ಮನೆಗೆ ಕನ್ಸೋಲನ್ನೇ ಕೊಳ್ಳಿ ಎಂದು ಹೇಳುತ್ತೇನೆ.

ಉಳಿದವರೊಂದಿಗೆ ಲೆಕ್ಕವನ್ನು ಬೇರೆ ಕಡೆಯಿಂದ ಆರಂಭಿಸುತ್ತೇನೆ. ಓದಿಗೋ ಕೆಲಸಕ್ಕೋ ಮನೆಗೆ ಹೇಗೂ ಒಂದು ಕಂಪ್ಯೂಟರ್ ಬೇಕೆಂದಾದರೆ, ಕನ್ಸೋಲಿನ ಬೆಲೆಯನ್ನು ಹೋಲಿಸಬೇಕಾದದ್ದು ಇಡೀ ಕಂಪ್ಯೂಟರಿನ ಬೆಲೆಯೊಂದಿಗಲ್ಲ, ಆಟಕ್ಕೆಂದು ಅದಕ್ಕೆ ಹೆಚ್ಚುವರಿಯಾಗಿ ಸೇರಿಸುವ ಭಾಗದ ಬೆಲೆಯೊಂದಿಗೆ. ಪಿಎಸ್4 (ಪ್ಲೇಸ್ಟೇಷನ್ 4) ಬಂದ 2013ರಿಂದ ಪ್ಲೇಸ್ಟೇಷನ್‌ನಲ್ಲಿ, ಹಣ ಕೊಟ್ಟು ಕೊಂಡ ಆಟವನ್ನು ಇತರರೊಂದಿಗೆ ಆನ್‌ಲೈನಿನಲ್ಲಿ ಆಡಲು ಸಾಮಾನ್ಯವಾಗಿ ಬೇರೆಯೇ ಚಂದಾ ಕಟ್ಟಬೇಕು. ಕಂಪ್ಯೂಟರಿನಲ್ಲಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಅಂಥ ಚಂದಾ ಕೇಳುವುದಿಲ್ಲ. 2015ರಲ್ಲಿ ಸ್ಟೀಮ್ ರೂಪಾಯಿಯಲ್ಲೇ ಬೆಲೆ ತೋರಿಸತೊಡಗಿದ ಮೇಲೆ ನನ್ನ ಗಿರಾಕಿಗಳಿಗೆ ಈ ಲೆಕ್ಕ ಬಿಡಿಸಿ ಹೇಳುವುದು ಬಹಳ ಸುಲಭವಾಯಿತು.

ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಕಚೇರಿಗಳು ಹೊರಹಾಕಿದ ಹಳೆಯ ಡೆಸ್ಕ್‌ಟಾಪ್‌ಗಳನ್ನು ಆಟಕ್ಕೆ ಅಣಿಗೊಳಿಸುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಯಂತ್ರಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಇವುಗಳಲ್ಲಿ ತೊಡಕಾಗುವುದು ಯಂತ್ರದೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್. ಅದರ ಶಕ್ತಿ ಹೆಚ್ಚಾಗಿ 300 ವಾಟಿಗಿಂತ ಕಡಿಮೆಯಿರುತ್ತದೆ, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಕೊಡಬೇಕಾದ 6 ಪಿನ್ನಿನ ವೈರ್ ಇರುವುದಿಲ್ಲ, ಮದರ್‌ಬೋರ್ಡಿಗೆ ಹೋಗುವ ಕನೆಕ್ಟರ್ ಕೂಡ ಎಷ್ಟೋ ಮಾದರಿಗಳಲ್ಲಿ ಆಯಾ ಕಂಪನಿಯದೇ ಆಗಿರುವುದರಿಂದ ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಹೊಂದುವುದಿಲ್ಲ. ಆದರೆ ಕಾರ್ಡ್ ಕೂರಿಸುವ ಉದ್ದನೆಯ ಸ್ಲಾಟ್ ತಾನಾಗಿಯೇ 75 ವಾಟಿನವರೆಗೆ ವಿದ್ಯುತ್ ಕೊಡಬಲ್ಲದು. 2016ರ ಜಿಟಿಎಕ್ಸ್ 1050 ಟಿಐ ಮತ್ತು 2019ರ ಜಿಟಿಎಕ್ಸ್ 1650 ಕಾರ್ಡ್‌ಗಳಲ್ಲಿ ಅಷ್ಟರಲ್ಲೇ ನಡೆಯುವ, ಬೇರೆ ವೈರ್ ಬೇಡದ ಮಾದರಿಗಳಿದ್ದವು. ಅವುಗಳನ್ನೇ ಹುಡುಕಿ ತರುತ್ತಿದ್ದೆ. ಕ್ಯಾಬಿನೆಟ್ ತೆಳುವಾಗಿದ್ದರೆ ಅರ್ಧ ಎತ್ತರದ ಕಾರ್ಡನ್ನು ತಂದು, ಅದರ ಹಿಂಬದಿಯ ಪಟ್ಟಿಯನ್ನು ಬಿಚ್ಚಿ ಚಿಕ್ಕದನ್ನು ಹಾಕುತ್ತಿದ್ದೆ. ಪ್ರೊಸೆಸರ್ ಮೇಲೆ ಶಾಖ ಸಾಗಿಸಲು ಹಚ್ಚಿದ್ದು ಒಣಗಿ ಹೋದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿದರೆ ಯಂತ್ರ ಸಿದ್ಧ. ಹಣವಿಲ್ಲದ ಹುಡುಗನೂ ಆಟದೊಳಗೆ ಕಾಲಿಡಲು ಇಂಥ ದಾರಿಯೊಂದು ಇರುವುದೇ ಕಂಪ್ಯೂಟರ್ ಗೇಮಿಂಗ್ ಉಳಿದದ್ದಕ್ಕೆ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಕಂಪ್ಯೂಟರ್ ಗೇಮಿಂಗ್ ಮುಗಿಯಿತು ಎಂಬ ಮಾತು ಹಳೆಯದು. 1999ರಲ್ಲಿ ಕಂಪ್ಯೂಟರಿಗೆಂದು ಘೋಷಣೆಯಾಗಿದ್ದ ಹೇಲೋ ಆಟ, ಅದರ ತಯಾರಕ ಸಂಸ್ಥೆಯಾದ ಬಂಗಿಯನ್ನು ಮೈಕ್ರೋಸಾಫ್ಟ್ ಕೊಂಡ ಮೇಲೆ, 2001ರಲ್ಲಿ ಆ ಕಂಪನಿಯ ಕನ್ಸೋಲ್ ಆದ ಎಕ್ಸ್‌ಬಾಕ್ಸ್‌ನ ಜೊತೆಗೆ ಬಂದು, ಕಂಪ್ಯೂಟರಿಗೆ ತಲುಪಿದ್ದು 2003ರಲ್ಲಿ. ಆ ಕಾಲದಲ್ಲಿ ಭಯಕ್ಕೆ ಆಧಾರವಿತ್ತು. ಆದರೆ ಅದೇ ವರ್ಷಗಳಲ್ಲಿ ನಮ್ಮೂರಿನ ಸೈಬರ್ ಕೆಫೆಗಳಲ್ಲಿ ಹುಡುಗರು ಸರದಿಗಾಗಿ ಕಾಯುತ್ತಿದ್ದದ್ದು ಕೌಂಟರ್ ಸ್ಟ್ರೈಕ್‌ಗಾಗಿ. ಅದು ಹಾಫ್ ಲೈಫ್ ಎಂಬ ಆಟವನ್ನು ಆಟಗಾರರೇ ತಿದ್ದಿ 1999ರಲ್ಲಿ ಮಾಡಿದ್ದು. ಹೀಗೆ ತಿದ್ದಲು ಬಿಡುವ ಯಂತ್ರವನ್ನು ಮುಚ್ಚಿದ ಪೆಟ್ಟಿಗೆ ಸುಲಭವಾಗಿ ಸೋಲಿಸಲಾರದು. ಕೊನೆಗೆ ಕನ್ಸೋಲ್‌ಗಳೇ ಕಂಪ್ಯೂಟರಿನ ಹತ್ತಿರಕ್ಕೆ ಬಂದವು: ಪಿಎಸ್3ರ ವಿಶಿಷ್ಟವಾದ ಸೆಲ್ ಪ್ರೊಸೆಸರನ್ನು ಕೈಬಿಟ್ಟ ಸೋನಿ, ಪಿಎಸ್4ರಲ್ಲಿ ಎಎಂಡಿಯ ಎಕ್ಸ್86, ಅಂದರೆ ಕಂಪ್ಯೂಟರಿನ ಜಾತಿಯದೇ ಆದ ಪ್ರೊಸೆಸರನ್ನು ಬಳಸಿತು, ಅದರ ಆಟಗಳಾದ ಹೊರೈಝನ್ ಝೀರೋ ಡಾನ್ 2020ರಲ್ಲಿ, ಗಾಡ್ ಆಫ್ ವಾರ್ 2022ರಲ್ಲಿ ಕಂಪ್ಯೂಟರಿಗೂ ಬಂದವು.

ನನ್ನನ್ನು ಚಿಂತೆಗೆ ಹಚ್ಚಿರುವುದು ಕನ್ಸೋಲ್ ಅಲ್ಲ, ಕಾರ್ಡಿನ ಬೆಲೆ. 2021ರಲ್ಲಿ ಚಿಪ್‌ಗಳ ಕೊರತೆ ಮತ್ತು ಇಂಥ ಕಾರ್ಡ್‌ಗಳನ್ನು ಓಡಿಸಿ ಡಿಜಿಟಲ್ ಹಣ ಗಳಿಸುವ ಕ್ರಿಪ್ಟೋ ಗಣಿಗಾರಿಕೆ ಎರಡೂ ಸೇರಿ, ಒಂದು ಸಾಧಾರಣ ಕಾರ್ಡಿನ ಬೆಲೆ ಕೇಳಿಯೇ ಗಿರಾಕಿಗಳು ಎದ್ದು ಹೋಗುವಂತಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಜಾಲವು ಗಣಿಗಾರಿಕೆಯನ್ನು ಕೈಬಿಟ್ಟ ಮೇಲೆ ಆ ಒತ್ತಡ ಇಳಿಯಿತಾದರೂ, ಬಡ ವಿದ್ಯಾರ್ಥಿಗೆ ಎಟುಕುವ ಹೊಸ ಕಾರ್ಡ್‌ಗಳು ಮೊದಲಿನಂತೆ ಬರುತ್ತಿಲ್ಲ. ಹಾಗಾಗಿ ಬಜೆಟ್ ಬಿಗಿಯಿದ್ದರೆ ಈಗ ಕಾರ್ಡಿಲ್ಲದೆಯೇ, ರೈಜೆನ್ 5 5600ಜಿಯಂತಹ, ಗ್ರಾಫಿಕ್ಸನ್ನು ಒಳಗೇ ಹೊಂದಿರುವ ಪ್ರೊಸೆಸರಿನಿಂದ ಆರಂಭಿಸುತ್ತೇನೆ. ಅದರ ಗ್ರಾಫಿಕ್ಸ್ ಭಾಗ ರ‍್ಯಾಮನ್ನೇ ಹಂಚಿಕೊಂಡು ಬಳಸುವುದರಿಂದ 16 ಜಿಬಿಯ ಒಂದೇ ಕಡ್ಡಿಯ ಬದಲು 8 ಜಿಬಿಯ ಎರಡನ್ನು, ಬೋರ್ಡಿನ ಕೈಪಿಡಿ ಹೇಳಿದ ಸ್ಲಾಟ್‌ಗಳಲ್ಲೇ ಹಾಕುತ್ತೇನೆ. ಎರಡು ಚಾನೆಲ್‌ಗಳಲ್ಲಿ ಮಾಹಿತಿ ಓಡಿದಾಗ ಆಟ ತಡವರಿಸುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಉಳಿತಾಯಕ್ಕೆ ಒಪ್ಪದೆ ಮೊದಲ ದಿನವೇ ಒಳ್ಳೆಯ ಗುಣಮಟ್ಟದ 550 ವಾಟಿನದನ್ನು ಹಾಕಿಸುತ್ತೇನೆ. ಮುಂದೆ ಹಣ ಕೂಡಿದಾಗ ಕಾರ್ಡೊಂದನ್ನು ತಂದು ಖಾಲಿ ಬಿಟ್ಟ ಸ್ಲಾಟಿನಲ್ಲಿ ಕೂರಿಸಿದರೆ ಸಾಕಾಗುತ್ತದೆ.