ಫಿಟ್ಸ್ ರೋಗಿಯ ಮಿದುಳಿನ ಸ್ಕ್ಯಾನ್‌ನಲ್ಲಿ ಎಫ್‌ಎ ಅನ್ನುವ ಅಂಕಿ ಕಡಿಮೆ ಬಂತು, ಸರಿ. ಆದರೆ ಯಾಕೆ?

ಟೆಂಪೊರಲ್ ಲೋಬ್‌ನಿಂದ, ಅಂದರೆ ಕಿವಿಯ ಪಕ್ಕದ ಮಿದುಳಿನ ಭಾಗದಿಂದ, ಫಿಟ್ಸ್ ಬರುವವರ ಎಂಆರ್‌ಐ ಕೈಗೆ ಬಂದರೆ ಎಲ್ಲರೂ ಮೊದಲು ಅದರೊಳಗೆ ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್ ಹುಡುಕುತ್ತಾರೆ. ಕುಗ್ಗಿದೆಯಾ, ಫ್ಲೇರ್ ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗಿದೆಯಾ ಅಂತ. ನನ್ನ ಕೆಲಸ ಅದರ ಸುತ್ತಲಿನ ವೈಟ್ ಮ್ಯಾಟರ್, ಅಂದರೆ ಮಿದುಳಿನ ಭಾಗಗಳನ್ನು ಜೋಡಿಸುವ ನರತಂತುಗಳ ಕಟ್ಟುಗಳು. ಮಾಮೂಲಿ ಎಂಆರ್‌ಐಯಲ್ಲಿ ಇವು ಎಷ್ಟೋ ಸಲ ಸರಿಯಾಗೇ ಕಾಣುತ್ತವೆ. ಅದಕ್ಕೇ ಡಿಟಿಐ ಅನ್ನುವ ವಿಶೇಷ ಬಗೆಯ ಎಂಆರ್‌ಐ ಬೇಕು.

ಡಿಟಿಐ ತಂತುಗಳನ್ನು ನೇರವಾಗಿ ಅಳೆಯುವುದಿಲ್ಲ, ನೀರಿನ ಓಡಾಟವನ್ನು ಅಳೆಯುತ್ತದೆ. ತಂತುವಿನ ಉದ್ದಕ್ಕೆ ನೀರು ಸಲೀಸಾಗಿ ಹರಡುತ್ತದೆ, ಅಡ್ಡಕ್ಕೆ ಅಷ್ಟು ಸುಲಭವಲ್ಲ. ಈ ವ್ಯತ್ಯಾಸವನ್ನು 0ರಿಂದ 1ರೊಳಗೆ ಹೇಳುವ ಅಂಕಿಯೇ ಎಫ್‌ಎ. ಒಟ್ಟು ಎಷ್ಟು ಹರಡುತ್ತದೆ ಅನ್ನುವುದು ಎಂಡಿ.

ನಾನು ಸಾಮಾನ್ಯವಾಗಿ 3 ಟೆಸ್ಲಾ ಯಂತ್ರದಲ್ಲಿ, 2 ಮಿ.ಮೀ. ವಾಕ್ಸೆಲ್ (ಚಿತ್ರದ ಅತಿ ಚಿಕ್ಕ ಘನ), ಬಿ-ವ್ಯಾಲ್ಯೂ (ನೀರಿನ ಓಡಾಟಕ್ಕೆ ಚಿತ್ರ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 1000, ಓಡಾಟ ಅಳೆಯಲು 64 ದಿಕ್ಕು ಇಟ್ಟುಕೊಳ್ಳುತ್ತೇನೆ. ಜೊತೆಗೆ, ಚಿತ್ರದ ಎಳೆತ ಸರಿಪಡಿಸಲು, ಉಲ್ಟಾ ದಿಕ್ಕಿನಲ್ಲಿ ತೆಗೆದ ಕೆಲವು ಬಿ-ಜೀರೊ (ಬಿ-ವ್ಯಾಲ್ಯೂ ಸೊನ್ನೆ ಇರುವ) ಚಿತ್ರ. ಇದನ್ನು ಬಿಡಲೇಬಾರದು. ಕಿವಿಯ ಒಳಗಿನ ಗಾಳಿಯಿಂದಾಗಿ ಟೆಂಪೊರಲ್ ಲೋಬ್‌ನ ಕೆಳಭಾಗ ಚಿತ್ರದಲ್ಲಿ ಎಳೆದ ಹಾಗೆ ಆಗುತ್ತದೆ. ನಮಗೆ ಬೇಕಾದ ಜಾಗವೇ ಅದು, ಅಲ್ವಾ?

ಸ್ಕ್ಯಾನ್‌ಗೆ ಮೊದಲು ಕೊನೆಯ ಫಿಟ್ಸ್ ಯಾವಾಗ ಬಂತು, ಮಾತ್ರೆ ಏನಾದರೂ ಬದಲಾಯಿತಾ ಅಂತ ಮನೆಯವರನ್ನು ಕೇಳಿ ಬರೆದಿಡುತ್ತೇನೆ. ಫಿಟ್ಸ್ ಆದ ಹೊಸದರಲ್ಲಿ ಅಥವಾ ಮಾತ್ರೆ ತಟ್ಟನೆ ನಿಲ್ಲಿಸಿದಾಗ, ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನ ಹಿಂಭಾಗದಲ್ಲಿ ನೀರಿನ ಹರಡುವಿಕೆ ತಾತ್ಕಾಲಿಕವಾಗಿ ತಗ್ಗುವುದುಂಟು. ಅದನ್ನು ಕಾಯಂ ಬದಲಾವಣೆ ಎಂದು ಓದಿಬಿಡಬಹುದು. ಹೋಲಿಕೆಗೆ ಬೇಕಾದ ಆರೋಗ್ಯವಂತರನ್ನು ವಯಸ್ಸು ನೋಡಿಯೇ ಆರಿಸುತ್ತೇನೆ. ಎಫ್‌ಎ ಬಾಲ್ಯದಿಂದ ಏರುತ್ತಾ ಹೋಗಿ, ನಡುವಯಸ್ಸಿನ ಮೇಲೆ ಇಳಿಯುತ್ತದೆ. ರೋಗಿಯ ಜೊತೆ ಬಂದ ಅಣ್ಣ, ಅಕ್ಕ ಸುಲಭವಾಗಿ ಸಿಗುತ್ತಾರೆ. ಆದರೂ ರಕ್ತಸಂಬಂಧಿಗಳಿಗಿಂತ ಹೊರಗಿನವರೇ ನನಗೆ ಇಷ್ಟ.

ತಲೆ ಅಲ್ಲಾಡಿದ ಚಿತ್ರಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ನೋಡುತ್ತೇನೆ. ಬೇಜಾರಿನ ಕೆಲಸ. ಆದರೆ ರೋಗಿಗಳು ಆರೋಗ್ಯವಂತರಿಗಿಂತ ಜಾಸ್ತಿ ಅಲ್ಲಾಡಿದರೆ, ಬರೀ ಅಲ್ಲಾಟವೇ ಕಾಯಿಲೆಯ ವೇಷ ಹಾಕಿಕೊಂಡು ಬರುತ್ತದೆ.

ಲೆಕ್ಕ ಮುಗಿದ ಮೇಲೆ ಫಾರ್ನಿಕ್ಸ್ ನನ್ನನ್ನು ಜಾಸ್ತಿ ಕಾಡುತ್ತದೆ. ಹಿಪ್ಪೊಕ್ಯಾಂಪಸ್‌ನಿಂದ ಹೊರಡುವ ಮುಖ್ಯ ಕಟ್ಟು ಅದು, ಹಾಗಾಗಿ ಅಲ್ಲಿ ಎಫ್‌ಎ ಕಡಿಮೆ ಬಂದರೆ ಕಥೆ ಸೊಗಸಾಗಿ ಕೂಡಿಕೊಳ್ಳುತ್ತದೆ. ಆದರೆ ಅದು ತೆಳು, ಪಕ್ಕದಲ್ಲೇ ಮಿದುಳಿನ ನೀರು ತುಂಬಿದ ಕೋಣೆಗಳು. 2 ಮಿ.ಮೀ. ವಾಕ್ಸೆಲ್‌ನಲ್ಲಿ ಸ್ವಲ್ಪ ತಂತು, ಸ್ವಲ್ಪ ನೀರು ಎರಡೂ ಸೇರುತ್ತವೆ. ಕಟ್ಟು ಸ್ವಲ್ಪ ಸಣ್ಣಗಾದರೂ ನೀರಿನ ಪಾಲು ಹೆಚ್ಚಿ ಎಫ್‌ಎ ಬೀಳುತ್ತದೆ, ಎಂಡಿ ಏರುತ್ತದೆ. ಉಳಿದ ತಂತುಗಳು ಚೆನ್ನಾಗಿಯೇ ಇರಬಹುದು. ಅದಕ್ಕೆ ಫ್ರೀ ವಾಟರ್ ತಿದ್ದುಪಡಿ, ಅಂದರೆ ಆ ನೀರಿನ ಪಾಲನ್ನು ಲೆಕ್ಕದಿಂದ ಕಳೆಯುವುದು, ಮಾಡದೆ ಫಾರ್ನಿಕ್ಸ್‌ನ ಅಂಕಿ ಯಾರಿಗೂ ಕೊಡುವುದಿಲ್ಲ. ಅನ್ಸಿನೇಟ್, ಸಿಂಗ್ಯುಲಮ್ ಅನ್ನುವ ಬೇರೆ ಎರಡು ತಂತು ಕಟ್ಟುಗಳ ಮೇಲೆ ನನಗೆ ಅದಕ್ಕಿಂತ ನಂಬಿಕೆ ಜಾಸ್ತಿ.

ಬದಲಾವಣೆ ಫಿಟ್ಸ್ ಹುಟ್ಟುವ ಜಾಗಕ್ಕಷ್ಟೇ ಸೀಮಿತವಲ್ಲ ಅನ್ನುವುದು ನಿಜ. ಎನಿಗ್ಮಾ ಅನ್ನುವ ಅಂತಾರಾಷ್ಟ್ರೀಯ ತಂಡದ 2020ರ ಅಧ್ಯಯನದಲ್ಲಿ 1,249 ರೋಗಿಗಳನ್ನೂ 1,069 ಆರೋಗ್ಯವಂತರನ್ನೂ ಹೋಲಿಸಿದ್ದರು. ಹಿಪ್ಪೊಕ್ಯಾಂಪಸ್ ಕುಗ್ಗಿದ ಟೆಂಪೊರಲ್ ಲೋಬ್ ರೋಗಿಗಳಲ್ಲಿ ವ್ಯತ್ಯಾಸ ಎದ್ದು ಕಂಡಿತ್ತು. ಆದರೆ ಅದು ಗುಂಪಿನ ಮಾತು. ಎಫ್‌ಎ ಇಳಿದರೆ ತಂತುವಿನ ಹೊದಿಕೆಯಾದ ಮಯಲಿನ್ ಹೋಗಿದೆಯೋ, ತಂತು ಸವೆದಿದೆಯೋ, ತಂತುಗಳು ಅಡ್ಡಾದಿಡ್ಡಿ ದಾಟುವ ಜಾಗವೋ, ಆ ಅಂಕಿ ಹೇಳುವುದಿಲ್ಲ. "ತಂತು ಹಾಳಾಗಿದೆ" ಅಂತ ನಾನು ವರದಿಯಲ್ಲಿ ಬರೆಯುವುದನ್ನು ಬಿಟ್ಟಿರುವುದು ಅದಕ್ಕೇ.

ಆಪರೇಷನ್ ಯೋಜನೆಗೆ ಮಾತ್ರ ಡಿಟಿಐ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದೃಷ್ಟಿಯ ತಂತುಗಳ ಒಂದು ಭಾಗ, ಮೇಯರ್ಸ್ ಲೂಪ್, ಟೆಂಪೊರಲ್ ಲೋಬ್‌ನಲ್ಲಿ ಮುಂದಕ್ಕೆ ಬಂದು ಹಿಂದಕ್ಕೆ ತಿರುಗುತ್ತದೆ. ಅದಕ್ಕೆ ಪೆಟ್ಟಾದರೆ ಎದುರು ಬದಿಯ ಮೇಲ್ಭಾಗದ ನೋಟ ಹೋಗುತ್ತದೆ. ಆ ತಿರುವು ಕಡಿದಾದ್ದರಿಂದ ಸಾದಾ ಡಿಟಿಐ ಅದರ ಮುಂತುದಿಯನ್ನು ಹಿಂದೆಯೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಸರ್ಜನ್‌ಗೆ ಚಿತ್ರ ಕೊಡುವಾಗ, ನಿಜವಾದ ತುದಿ ಇದಕ್ಕಿಂತ ಮುಂದಿರಬಹುದು ಅಂತ ಚಿತ್ರದ ಮೇಲೆಯೇ ಬರೆಯುತ್ತೇನೆ.