ನಂದಿಬೆಟ್ಟದ ಇಳಿಜಾರಿನಲ್ಲಿ ಕಲಿತ ಬ್ರೇಕಿನ ಪಾಠ

ನಂದಿಬೆಟ್ಟದಿಂದ ಇಳಿಯುತ್ತಿದ್ದೆವು. ಬುಡ ತಲುಪಲು ನಾಲ್ಕೈದು ತಿರುವುಗಳು ಉಳಿದಿದ್ದಾಗ ಬ್ರೇಕ್ ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗಾಗಿ ಕೆಳಗಿಳಿಯಿತು. ಬಿಟ್ಟು ಮತ್ತೆ ಒತ್ತಿದೆ, ಮೂರನೆಯ ಸಲ ಒತ್ತಿದಾಗ ಸ್ವಲ್ಪ ಹಿಡಿಯಿತು. ಗೇರನ್ನು ಎರಡಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ಬದಿಗೆ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಗಾಬರಿಯಲ್ಲಿ, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನ ಮೇಲೆ ನೀರು ಸುರಿಯಲು ಹೋದವನ ಕೈಯನ್ನು ಅಪ್ಪ ಹಿಡಿದುಕೊಂಡರು. "ಕಾದ ಬೀಡುಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ. ಹಾಗೇ ಬಿಡು" ಎಂದರು. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಸಾರಿಗೆ ಬಸ್ಸು ಓಡಿಸಿದವರು ಅವರು. ಅರ್ಧ ಗಂಟೆ ಕಾದು, ಮತ್ತೆ ಹೊರಡುವಾಗ ಇನ್ನೊಂದೇ ಮಾತು ಹೇಳಿದರು: "ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿಯಬೇಕು."

ಮರುದಿನ ಗ್ಯಾರೇಜಿನಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. "ಏನೂ ತೊಂದರೆ ಇಲ್ಲ" ಎಂದು ಕಾರನ್ನು ಹಿಂತಿರುಗಿಸಿದರು. ನನಗೆ ಸಿಟ್ಟು ಬಂದಿತ್ತು, ಆದರೆ ಆ ಮಾತಿನ ಹಿಂದಿನ ಕಾರಣ ತಿಳಿದ ಮೇಲೆಯೇ ಇಡೀ ವಿಷಯ ಬಿಡಿಸಿಕೊಂಡಿತು. ಕಾಲಿನ ಒತ್ತಡವನ್ನು ಚಕ್ರದ ಬಳಿಗೆ ಒಯ್ಯುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ ಸ್ಥಿತಿಗೆ ಆ ಮಿತಿ 155 ಡಿಗ್ರಿ. ಕುದಿದಾಗ, ಡಿಸ್ಕಿಗೆ ಉಜ್ಜುವ ಪ್ಯಾಡುಗಳನ್ನು ಪಿಸ್ಟನ್ನಿನಿಂದ ಒತ್ತುವ ಕ್ಯಾಲಿಪರ್ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಕಾದು ಸೋತಿರುವುದು ಪ್ಯಾಡ್. ಈ ವ್ಯತ್ಯಾಸ ಗೊತ್ತಿಲ್ಲದೆ ಯಾರೂ ಬ್ರೇಕಿಗೆ ಹಣ ಸುರಿಯಬಾರದು.

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ, 1.8 ಟರ್ಬೊ, 150 ಅಶ್ವಶಕ್ತಿಯದು. ಎಲ್ಲರಂತೆ ನನಗೂ ಮೊದಲು ಕಣ್ಣಿಗೆ ಬಿದ್ದದ್ದು ಆರು ಪಿಸ್ಟನ್ನಿನ ಕೆಂಪು ಕ್ಯಾಲಿಪರ್. ಕೊಳ್ಳುವ ಮೊದಲು ಕಾಗದ ಹಿಡಿದು ಲೆಕ್ಕಕ್ಕೆ ಕುಳಿತೆ. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬುಡಕ್ಕೆ ಬರುವಷ್ಟರಲ್ಲಿ ಸುಮಾರು 500 ಮೀಟರ್ ಇಳಿಯುತ್ತೇವೆ. ಕಾರಿನ ತೂಕ ಎಷ್ಟೇ ಇರಲಿ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ 100 ಕಿಲೋಮೀಟರ್ ವೇಗದಿಂದ ಹನ್ನೆರಡು ಸಲಕ್ಕೂ ಹೆಚ್ಚು ಪೂರ್ತಿ ನಿಲ್ಲಿಸಿದಷ್ಟಕ್ಕೆ ಸಮ. ಎಂಜಿನ್ನಿಗೆ ಆ ಕೆಲಸ ಕೊಡದಿದ್ದರೆ ಅದರ ಬಹುಪಾಲು ಡಿಸ್ಕಿನಲ್ಲಿ ಶಾಖವಾಗಿ ಕೂರುತ್ತದೆ. ನಾನು ಮೂರನೆಯ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದಿದ್ದೆ. ಅಪ್ಪನ ಮಾತಿನಲ್ಲಿ ಭೌತಶಾಸ್ತ್ರವೆಲ್ಲ ಅಡಗಿತ್ತು.

ಒಂದೇ ಒಂದು ಸಲ ಜೋರಾಗಿ ನಿಲ್ಲಿಸುವಾಗ ದೂರವನ್ನು ನಿರ್ಧರಿಸುವುದು ಟೈರು. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಷ್ಟು ಬಲ ನನ್ನ ಹಳೆಯ ಬ್ರೇಕಿನಲ್ಲೇ ಇತ್ತು. ದೊಡ್ಡ ಬ್ರೇಕು ಬೇಕಾಗುವುದು ಮತ್ತೆ ಮತ್ತೆ ನಿಲ್ಲಿಸುವಾಗ, ಶಾಖವನ್ನು ತಾಳಿಕೊಳ್ಳಲು. ಮೇಲಾಗಿ ಮುಂದೆ ಮಾತ್ರ ಅಗಲ ಪಿಸ್ಟನ್ ಹಾಕಿದರೆ ಮುಂದು-ಹಿಂದಿನ ಸಮತೋಲ ಕೆಡುತ್ತದೆ, ಪೆಡಲ್ ಹೆಚ್ಚು ಆಳಕ್ಕೆ ಹೋಗುತ್ತದೆ. ಕೆಂಪು ಕ್ಯಾಲಿಪರಿನ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಇದೇ ತಳಹದಿಯ ಕಾರುಗಳಲ್ಲಿ ಹಲವರು ಮಾಡಿ ನೋಡಿದ ದಾರಿಯೊಂದಿದೆ. 288 ಮಿಲಿಮೀಟರ್ ಡಿಸ್ಕಿನ ಬದಲು 312ರದ್ದು. ಕ್ಯಾಲಿಪರ್ ಹಳೆಯದೇ, ಅದನ್ನು ಹಿಡಿದುಕೊಳ್ಳುವ ಕ್ಯಾರಿಯರ್ ಮಾತ್ರ ಹೊಸದು. ಪ್ಯಾಡ್ ಒತ್ತುವ ಜಾಗ ನಡುವಿನಿಂದ 12 ಮಿಲಿಮೀಟರ್ ಹೊರಗೆ ಸರಿಯುವುದರಿಂದ ಅದೇ ಒತ್ತಡಕ್ಕೆ ಶೇಕಡಾ 10ರಷ್ಟು ಹೆಚ್ಚು ಹಿಡಿತ ಸಿಗುತ್ತದೆ, ಶಾಖ ಹೀರಲು ಕಬ್ಬಿಣವೂ ಹೆಚ್ಚಿರುತ್ತದೆ. ಚಕ್ರ 16 ಇಂಚಿನದಾದರೂ ಇರಬೇಕು, ಡಿಸ್ಕಿನ ಹಿಂಬದಿಯ ತಗಡನ್ನು ಸ್ವಲ್ಪ ಕತ್ತರಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡು ಶನಿವಾರ ಅಲೆದು ಡಿಸ್ಕ್ ಮತ್ತು ಪ್ಯಾಡ್ ಕೊಂಡೆ. ತೂತು ಕೊರೆದ ಡಿಸ್ಕ್ ನೋಡಲು ಚೆನ್ನ, ಆದರೆ ಬಿರುಕು ಬಿಡುವುದು ಆ ತೂತುಗಳ ಅಂಚಿನಿಂದಲೇ; ಹಾಗಾಗಿ ಸಾದಾ ಡಿಸ್ಕನ್ನೇ ಆರಿಸಿದೆ. ಪ್ಯಾಡಿನ ಅಂಚಿನಲ್ಲಿ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಶಾಖದ ಹಿಡಿತ, ಎರಡನೆಯದು ಕಾದಾಗಿನ ಹಿಡಿತ. ಎರಡೂ 'ಎಫ್' ಇರುವುದನ್ನು ತೆಗೆದುಕೊಂಡೆ. ರೇಸಿನ ಪ್ಯಾಡ್ ಬೇಡವೇ ಬೇಡ ಎನ್ನುತ್ತೇನೆ. ಅದು ಕಾಯದೆ ಸರಿಯಾಗಿ ಹಿಡಿಯುವುದಿಲ್ಲ, ನಾವು ಜುಲೈ ತಿಂಗಳ ಜಡಿಮಳೆಯಲ್ಲಿ ಸಿಲ್ಕ್ ಬೋರ್ಡ್ ದಾಟಬೇಕಾದವರು.

ಕೆಲಸ ಮಾಡಿದ್ದು ಮನೆಯ ಮುಂದಿನ ಸಿಮೆಂಟ್ ನೆಲದ ಮೇಲೆ. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟೆ. ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲಿ ಜೋತುಬೀಳಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಹಿಂದಿನ ಚಕ್ರಗಳಿಗೂ ಹೊಸ ಪ್ಯಾಡ್ ಹಾಕುವಾಗ ಒಂದು ಎಚ್ಚರ ಬೇಕು: ಅಲ್ಲಿನ ಪಿಸ್ಟನ್ ಹ್ಯಾಂಡ್‌ಬ್ರೇಕಿಗೂ ಸೇರಿದ್ದು, ಅದನ್ನು ತಿರುಗಿಸುತ್ತಲೇ ಒಳಗೆ ತಳ್ಳಬೇಕು, ಬರಿದೇ ಒತ್ತಿದರೆ ಒಳಗಿನ ಯಂತ್ರ ಹಾಳಾಗುತ್ತದೆ.

ಅತಿ ಹೆಚ್ಚು ಹೊತ್ತು ಹಿಡಿದದ್ದು ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಕೆಲಸ. ಹೊಸ ಡಿಸ್ಕ್ ಕೂರಿಸಿ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು ಅತ್ತಿತ್ತ ಓಲಾಡುತ್ತಿತ್ತು. ಡಿಸ್ಕಿನದೇ ದೋಷವೆಂದು ಅಂಗಡಿಗೆ ಮರಳಿಸಲು ಹೊರಟಿದ್ದೆ. ಬಿಚ್ಚಿ ನೋಡಿದರೆ ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುಭಾಗದ) ಮುಖದ ಮೇಲೆ ಹಳೆಯ ತುಕ್ಕಿನ ತೆಳುಪದರ. ನಡುವಿನಲ್ಲಿ ಕೂದಲೆಳೆಯಷ್ಟಿರುವ ಏರು ಅಂಚಿಗೆ ಹೋಗುವಷ್ಟರಲ್ಲಿ ಹಲವು ಪಟ್ಟಾಗುತ್ತದೆ, ಮುಂದೆ ಸ್ಟೀರಿಂಗ್ ನಡುಗಲು ಅದೇ ಕಾರಣವಾಗುತ್ತದೆ. ತಂತಿ ಬ್ರಷ್ಷು, ಎಮರಿ ಕಾಗದ ಹಿಡಿದು ಎರಡೂ ಹಬ್ಬುಗಳನ್ನು ಲೋಹ ಹೊಳೆಯುವ ತನಕ ಉಜ್ಜಿದೆ. ಮುಳ್ಳು ನಿಂತಲ್ಲೇ ನಿಂತಿತು. ಆ ಸಂಜೆಯ ಸಮಾಧಾನ ಇನ್ನೂ ನೆನಪಿದೆ.

ಬ್ರೇಕ್ ಆಯಿಲ್ ಬದಲಿಸಿ ಅದರೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಅಪ್ಪ ಪೆಡಲಿನ ಮೇಲೆ, ನಾನು ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ನಿಪ್ಪಲ್ಲಿನ ಬಳಿ. "ಒತ್ತಿ ಅಪ್ಪ." "ಒತ್ತಿದ್ದೇನೆ." ನಿಪ್ಪಲ್ ಸಡಿಲಿಸಿ, ಆಯಿಲ್ ಹೊರಬಂದ ಮೇಲೆ ಬಿಗಿದು, "ಈಗ ಬಿಡಿ." ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ, ಅಪ್ಪ ಒಮ್ಮೆಯೂ ತಪ್ಪಲಿಲ್ಲ. ಮೊದಲು ಬಂದದ್ದು ಕಾಫಿ ಡಿಕಾಕ್ಷನ್ನಿನಂಥ ಕಪ್ಪು ದ್ರವ. ತಿಳಿಹಳದಿ ಬರುವ ತನಕ ನಾಲ್ಕೂ ಚಕ್ರಗಳಲ್ಲಿ ಹರಿಸಿದೆವು. ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ, ಹಾಗಾಗಿ ಪಕ್ಕದಲ್ಲೇ ಬಕೆಟ್ಟಿನಲ್ಲಿ ನೀರಿತ್ತು. ಚಕ್ರದ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ 120 ನ್ಯೂಟನ್ ಮೀಟರಿಗೆ ಬಿಗಿದೆ.

ಮರುದಿನ ನಸುಕಿನಲ್ಲಿ ದೇವನಹಳ್ಳಿ ಕಡೆಯ ಖಾಲಿ ಕೈಗಾರಿಕಾ ಬಡಾವಣೆಯಲ್ಲಿ ಪ್ಯಾಡನ್ನು ಡಿಸ್ಕಿಗೆ ಪಳಗಿಸಿದೆ: 60 ಕಿಲೋಮೀಟರ್ ವೇಗದಿಂದ 10ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ, ಬಳಿಕ ಬ್ರೇಕ್ ಮುಟ್ಟದೆ ಕಾಲು ಗಂಟೆ ನಿಧಾನ ಓಟ. ಕಾದ ಪ್ಯಾಡನ್ನು ಒತ್ತಿ ನಿಲ್ಲಿಸಿದರೆ ಡಿಸ್ಕಿನ ಮೇಲೆ ಅದರ ಅಚ್ಚು ಉಳಿಯುತ್ತದೆ.

ನಂತರದ ಭಾನುವಾರ ಅದೇ ಬೆಟ್ಟಕ್ಕೆ ಹೋದೆವು. ಈ ಸಲ ಎರಡನೆಯ ಗೇರು. ತಿರುವಿಗೆ ಮುನ್ನ ಒಮ್ಮೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಟ್ಟು ಇಳಿದೆ. ಬುಡದಲ್ಲಿ ಪೆಡಲ್ ಮೇಲಿದ್ದಷ್ಟೇ ಗಟ್ಟಿಯಾಗಿತ್ತು, ವಾಸನೆಯಿರಲಿಲ್ಲ. ಇದರಲ್ಲಿ ಗೇರಿನ ಪಾಲೆಷ್ಟು, ಹೊಸ ಆಯಿಲಿನದೆಷ್ಟು, ಡಿಸ್ಕಿನದೆಷ್ಟು ಎಂದು ಯಾರಾದರೂ ಕೇಳಿದರೆ, ನಾನು ಅದೇ ಕ್ರಮದಲ್ಲಿ ಹೇಳುತ್ತೇನೆ. ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬಿಳಿ ಪಟ್ಟಿ ಅಂಟಿಸಿ ಬದಲಿಸಿದ ತಿಂಗಳನ್ನು ಬರೆದಿದ್ದೇನೆ. ಮುಂದಿನ ಮಳೆಗಾಲಕ್ಕೆ ಮೊದಲು ಅಪ್ಪ ಮತ್ತೆ ಪೆಡಲಿನ ಮೇಲೆ ಕೂರುವುದಾಗಿ ಹೇಳಿದ್ದಾರೆ.